ಬಾಗಿಲ ಬಳಿಯ ಪೆನ್ನು

ಮೇ 14

ಸಭೆಯಲ್ಲಿ ಬೈಯುವ ಹಾಗಿಲ್ಲ, ಆದ್ದರಿಂದ ಇಲ್ಲಿ ಬೈಯುತ್ತೇನೆ. ಕೌಂಟಿ ಮಂಡಳಿಗೆ ಆರಿಸಿ ಬಂದು ಒಂದೂವರೆ ವರ್ಷವಾಯಿತು. ಅಲ್ಲಿ ನುಂಗಿಕೊಂಡದ್ದನ್ನು ಎಲ್ಲಾದರೂ ಕಕ್ಕದೆ ಹೋದರೆ ಗಂಡ ಓರಿನ್‌ಗಿಂತ ಮೊದಲು ನನ್ನ ಎದೆಯೇ ಕೈಕೊಟ್ಟೀತು.

ನಮ್ಮ ಕೋಲ್ಡ್ ಫೋರ್ಕ್ ಊರಿನ ಆಂಬುಲೆನ್ಸ್ ಠಾಣೆಯನ್ನು ವರ್ಷದ ಕೊನೆಗೆ ಮುಚ್ಚುತ್ತಾರಂತೆ. ಕೌಂಟಿಯಲ್ಲಿ ಹಣವಿಲ್ಲವಂತೆ. ಅಧ್ಯಕ್ಷ ಕಾರ್ಲ್ಟನ್ ಬೀಮಿಷ್ ಈ ಸುದ್ದಿಯನ್ನು ನಾಳೆ ಮಂಜು ಬೀಳಬಹುದು ಅನ್ನುವ ಹಾಗೆ ಓದಿ, ಕನ್ನಡಕ ಒರೆಸಿಕೊಂಡು, ಮುಂದಿನ ವಿಷಯಕ್ಕೆ ಹೋದ. ಮುಂದಿನ ವಿಷಯ ನಾಯಿಗಳ ಲೈಸೆನ್ಸು.

ಠಾಣೆ ಹೋದರೆ ಗಾಡಿ ಕರಾವಳಿಯಿಂದ ಬರಬೇಕು. ಆ ತಿರುವುಗಳನ್ನು ನಾನು ಬಲ್ಲೆ, ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಒಂದು ಗಂಟೆಗೆ ಕಡಿಮೆ ಸಾಧ್ಯವೇ ಇಲ್ಲ. ಹೋದ ವರ್ಷ ಓರಿನ್ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ, ಒಲೆಯ ಮೇಲಿನ ಬೀನ್ಸ್ ಸೀಯುವ ಮೊದಲೇ ಜೂನಿಯಾ ಟಾಲಿವರ್ ಆಂಬುಲೆನ್ಸ್ ತಂದು ಬಾಗಿಲಲ್ಲಿ ನಿಲ್ಲಿಸಿದ್ದಳು. ಸಂಬಳವಿಲ್ಲದೆ ಗಾಡಿ ಓಡಿಸುವ ಹೆಂಗಸು. ಅವಳಿಂದಾಗಿ ನನ್ನ ಗಂಡ ಈಗ ಪಕ್ಕದ ಕೋಣೆಯಲ್ಲಿ ಬೇಸ್‌ಬಾಲ್ ನೋಡುತ್ತ ಅಂಪೈರನ ತಾಯಿಯನ್ನು ನೆನೆಯುತ್ತಿದ್ದಾನೆ. ಎದೆ ಇನ್ನೊಂದು ಸಲ ಹಾಗೆ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಠಾಣೆ ಮುಚ್ಚಲು ನಾನು ಬಿಡುವುದಿಲ್ಲ.

ದುಡ್ಡು ಎಲ್ಲಿದೆಯೆಂದು ನನಗೆ ಗೊತ್ತು. ಗುಡ್ಡದ ಮೇಲಿದೆ. ಗಾಂಜಾ ಬೆಳೆಯುವುದನ್ನು ರಾಜ್ಯ ಕಾನೂನುಬದ್ಧ ಮಾಡಿ ಎಷ್ಟೋ ವರ್ಷಗಳಾದವು. ಸುತ್ತಲಿನ ಕೌಂಟಿಗಳು ಅದರ ಮೇಲೆ ತೆರಿಗೆ ಹಾಕಿ ರಸ್ತೆ ಮಾಡಿಸಿಕೊಂಡವು. ನಾವು ಮಾತ್ರ ಮೂಗು ಮುಚ್ಚಿಕೊಂಡು ಕೂತಿದ್ದೇವೆ. ನನ್ನ ಓರಿನ್ ಮೂವತ್ತು ವರ್ಷ ಮರ ಕಡಿದ, ಪ್ರತಿ ಸಂಬಳದಲ್ಲೂ ತೆರಿಗೆ ಕೊಟ್ಟ. ಮಿಲ್ಲು ಮುಚ್ಚಿತು, ಅವನಿಗೆ ಉಳಿದದ್ದು ಬೆನ್ನುನೋವು. ಆ ಜನ ಗುಡ್ಡದಲ್ಲಿ ಅಡಗಿ ಕೂತು ನಲವತ್ತು ವರ್ಷ ಆ ದರಿದ್ರ ಸೊಪ್ಪು ಬೆಳೆದರು, ಊರಿಗೆ ಒಂದು ಕಾಸು ಬಿಚ್ಚಲಿಲ್ಲ. ಈಗ ಬಿಚ್ಚಲಿ.

ಮೇ 28

ಖಜಾನೆಯ ಮುಖ್ಯಸ್ಥೆ ಡೆಲ್ಫೀನಾ ಎಸ್ಪಾರ್ಸಾಳ ಕೋಣೆಯಲ್ಲಿ ಮಧ್ಯಾಹ್ನವೆಲ್ಲ ಕಳೆದೆ. ಮಾತಿಗೆ ಮೊದಲು ಪೆನ್ಸಿಲ್ ಚೂಪು ಮಾಡುವವಳು. ಅಂಥವರನ್ನು ಕಂಡರೆ ನನಗೆ ಇಷ್ಟ.

“ನಾಲ್ಕು ದಾರಿ ಇದೆ ವರ್ನಾ. ಬೆಳೆಯೋ ಜಾಗ ನೋಡಿ ಚದರ ಅಡಿಗೆ ಇಷ್ಟು ಅಂತ ಹಾಕಬಹುದು. ಕೊಯ್ದ ಮೇಲೆ ತೂಗಿ ಪೌಂಡಿಗೆ ಇಷ್ಟು ಅನ್ನಬಹುದು. ಮಾರಿದ ದುಡ್ಡಲ್ಲಿ ನೂರಕ್ಕೆ ಇಷ್ಟು ಅಂತ ತಗೋಬಹುದು. ಇಲ್ಲಾಂದ್ರೆ ಬೆಳೆಯೋರನ್ನ ಬಿಟ್ಟು ಅಂಗಡಿಯವರ ಹತ್ರ ಮಾತ್ರ ವಸೂಲಿ ಮಾಡೋದು.”

“ಇಡೀ ಕಣಿವೆಗೆ ಇರೋದೇ ಒಂದು ಅಂಗಡಿ, ಅದೂ ಸೋಮವಾರ ರಜ. ಅದನ್ನ ಬಿಟ್ಟಾಕು. ತೂಕ?”

“ಹಸಿ ಇರೋವಾಗ ತೂಗಬೇಕಾ, ಒಣಗಿದ ಮೇಲಾ, ಎಲೆ ಸೇರಿಸಬೇಕಾ ಬೇಡ್ವಾ, ಈ ಜಗಳಾನೇ ಮುಗಿಯಲ್ಲ. ತಕ್ಕಡಿ ಹೊತ್ಕೊಂಡು ಗುಡ್ಡ ಹತ್ತೋಕೆ ನನ್ನ ಹತ್ರ ಇಬ್ಬರೇ ಇರೋದು. ಒಬ್ಬನಿಗೆ ಮಂಡಿನೋವು.”

“ಮಾರಾಟದ್ದು?”

“ಅವರು ಬರೆದ ಲೆಕ್ಕ ನಂಬಬೇಕಾಗತ್ತೆ.” ಡೆಲ್ಫೀನಾ ಹುಬ್ಬು ಏರಿಸಿದಳು, ಇಬ್ಬರೂ ನಕ್ಕೆವು.

ಚದರ ಅಡಿಯ ಅಳತೆ ತೆರಿಗೆಯೇ ಸರಿ. ಯಾರಿಗೆ ಎಷ್ಟು ಜಾಗ ಎಂದು ಪರ್ಮಿಟ್‌ನಲ್ಲೇ ಬರೆದಿದೆ. ಯಾರ ಬಾಯನ್ನೂ ನಂಬಬೇಕಿಲ್ಲ, ಯಾರ ಮನೆ ಬಾಗಿಲನ್ನೂ ತಟ್ಟಬೇಕಿಲ್ಲ. ಪೌಂಡನ್ನು ಮಂಚದ ಕೆಳಗೆ ಬಚ್ಚಿಡಬಹುದು, ನೆಲವನ್ನು ಬಚ್ಚಿಡಲಾಗುವುದಿಲ್ಲ.

ಮಂಡಳಿಯ ಐವರಲ್ಲಿ ನಾಲ್ವರು ಕೈ ಎತ್ತಿದರೆ ವಿಷಯ ಜನರ ಮುಂದೆ ಹೋಗುತ್ತದೆ, ನವೆಂಬರ್‌ನಲ್ಲಿ ವೋಟು. ಕರಾವಳಿಯ ಇಬ್ಬರು ನನ್ನ ಕಡೆ. ಇನ್ನೊಬ್ಬ ತೆರಿಗೆ ಎಂಬ ಮಾತಿಗೇ ಕೈ ಕಟ್ಟಿ ಕೂರುವ ಆಸಾಮಿ. ಉಳಿದವನು ಬೀಮಿಷ್. ದನ ಸಾಕುವವನು, ಬೇಲಿಯ ಒಳಗಿನದನ್ನು ಮಾತ್ರ ನಂಬುತ್ತಾನೆ. ಅಳತೆ ಎಂದೊಡನೆ ಒಪ್ಪಿ ತಲೆಯಾಡಿಸಿದ.

ಜೂನ್ 11

ಜನಾಭಿಪ್ರಾಯ ಕೇಳುವ ಸಭೆ. ಗಲಾಟೆಯಾಗುತ್ತದೆಂದು ನಾಲ್ಕು ಪುಟ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಒಂದು ಸಾಲೂ ಬೇಕಾಗಲಿಲ್ಲ!

ಗುಡ್ಡದವರು ಬಂದಿದ್ದರು, ಇಲ್ಲವೆನ್ನುವುದಿಲ್ಲ. ಸಭಾಂಗಣದ ಹಿಂದಿನ ಗೋಡೆಯುದ್ದಕ್ಕೂ ನಿಂತಿದ್ದರು, ಟೋಪಿಗಳನ್ನು ಕೈಯಲ್ಲಿ ಹಿಡಿದು. ಮಾತಾಡುವವರು ಬಾಗಿಲ ಬಳಿಯ ಮೇಜಿನ ಮೇಲಿನ ಹಾಳೆಯಲ್ಲಿ ಹೆಸರು, ಮನೆಯ ವಿಳಾಸ ಬರೆಯಬೇಕೆಂಬುದು ಬೀಮಿಷ್ ಹಿಂದಿನಿಂದ ನಡೆಸಿಕೊಂಡು ಬಂದ ಪದ್ಧತಿ. ಪೆನ್ನನ್ನು ಯಾರೂ ಕದಿಯಬಾರದೆಂದು ಮೇಜಿಗೆ ಸರಪಳಿ ಹಾಕಿ ಕಟ್ಟಿದ್ದಾರೆ. ಒಬ್ಬೊಬ್ಬರೂ ಒಳಗೆ ಬರುವುದು, ಆ ಪೆನ್ನನ್ನು ಹಾವು ನೋಡಿದ ಹಾಗೆ ನೋಡುವುದು, ಗೋಡೆಯ ಕಡೆಗೆ ಸರಿಯುವುದು. ಸಭೆ ಮುಗಿಯುವವರೆಗೆ ನನಗೆ ಇದೇ ತಮಾಷೆ.

ಹಾಳೆಯಲ್ಲಿ ಇದ್ದದ್ದು ಎರಡೇ ಹೆಸರು. ಒಬ್ಬ ನಾಯಿ ಲೈಸೆನ್ಸಿನ ಬಗ್ಗೆ ಮಾತಾಡಿದ. ಒಬ್ಬ ಮುದುಕಿ ಗಾಂಜಾ ಪಾಪವೆಂದೂ ಪಾಪಕ್ಕೆ ಇನ್ನೂ ಜಾಸ್ತಿ ತೆರಿಗೆ ಹಾಕಬೇಕೆಂದೂ ಹೇಳಿದಳು. ವಿರೋಧ ಇಲ್ಲ ಎಂದು ಬೀಮಿಷ್ ಬರೆಸಿಕೊಂಡ. ಆಗಸ್ಟ್ ಮೊದಲ ವಾರದಲ್ಲಿ ಕೈ ಎತ್ತುವುದಷ್ಟೇ ಬಾಕಿ.

ಜೂನ್ 12

ಚೆನ್ನಾಗಿ ನಿದ್ದೆ ಬಂತು. ಬ್ಲ್ಯಾಕ್‌ಬೆರಿ ಪೈ ಮಾಡಿದೆ. ಓರಿನ್ ಎರಡು ತುಂಡು ತಿಂದ, ಮೂರನೆಯದಕ್ಕೆ ಕೈ ಹಾಕಿದಾಗ ಚಮಚದಿಂದ ಕೈ ಮೇಲೆ ಒಂದು ಬಾರಿಸಿದೆ.

ಜೂನ್ 22

ಬೆಳಿಗ್ಗೆ ಅಗ್ನಿಶಾಮಕ ಶೆಡ್ಡಿನಲ್ಲಿ ಪ್ಯಾನ್‌ಕೇಕ್ ಊಟ. ಆಂಬುಲೆನ್ಸಿಗೂ ಬೆಂಕಿ ಗಾಡಿಗೂ ಡೀಸೆಲ್ ಹಾಕಿಸಲು ವರ್ಷವರ್ಷವೂ ನಡೆಸುತ್ತಾರೆ. ಒಳ್ಳೆಯ ಸುದ್ದಿಯನ್ನು ನಾನೇ ಹೇಳಬೇಕೆಂದು ಬೇಗ ಹೋದೆ. ಜೂನಿಯಾ ಕಾವಲಿಯ ಮುಂದೆ ನಿಂತಿದ್ದಳು.

“ಠಾಣೆ ಉಳೀತು ಕಣೇ ಜೂನಿಯಾ! ಇನ್ನು ವೋಟೊಂದೇ ಬಾಕಿ.”

“ಒಳ್ಳೇದಾಯ್ತು.” ಅವಳು ಪ್ಯಾನ್‌ಕೇಕ್ ಮಗುಚಿದಳು. “ಗಾಡಿಗೆ ಡ್ರೈವರ್ ಹುಡುಕ್ಕೊಳ್ಳಿ.”

“ಯಾಕೆ, ನಿನಗೇನು ಬಂತು?”

“ಬರೋ ವಸಂತಕ್ಕೆ ನಾನು ಇಲ್ಲಿರಲ್ಲ. ಒರೆಗಾನ್‌ನಲ್ಲಿ ತಂಗಿ ಇದಾಳೆ. ಅವಳ ಗಂಡನ ಟೈರ್ ಅಂಗಡೀಲಿ ಕೆಲಸ ಇದೆಯಂತೆ.”

“ಮಾರಾಯ್ತಿ, ಟೈರ್ ಅಂಗಡಿಗೆ ಹೋಗೋ ವಯಸ್ಸೇನೇ ನಿನ್ನದು?”

“ನಿಮ್ಮ ಅಳತೆ ತೆರಿಗೆ ಕಟ್ಟಿ ಉಳಿಯೋ ವಯಸ್ಸೂ ಅಲ್ಲ.”

ಅವಳು ಮೆಲ್ಲಗೇ ಹೇಳಿದಳು, ಆದರೂ ಶೆಡ್ಡಿನಲ್ಲಿ ಫೋರ್ಕಿನ ಸದ್ದೂ ನಿಂತಿತು. ಜೂನಿಯಾ ಗಾಂಜಾ ಬೆಳೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಿಗೇ ಗೊತ್ತು, ಯಾರೂ ಆಡುವುದಿಲ್ಲ. ಸುತ್ತ ನೋಡಿದೆ. ಸಿರಪ್ ಹಂಚುತ್ತಿದ್ದವನು, ಕಾಫಿ ಸುರಿಯುತ್ತಿದ್ದವಳು, ಗಾಡಿ ಒರೆಸುತ್ತಿದ್ದ ಇಬ್ಬರು, ಹಳದಿ ಜಾಕೆಟ್ ಹಾಕಿದವರೆಲ್ಲ ಗುಡ್ಡದವರೇ. ಇಷ್ಟು ವರ್ಷ ಇದೇ ಪ್ಯಾನ್‌ಕೇಕ್ ತಿಂದಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ.

ನನಗೆ ಸಿಟ್ಟು ಬಂತು. “ಸಭೆಗೆ ಬಂದಿದ್ರಲ್ಲ, ಗೋಡೆಗೆ ಒರಗಿಕೊಂಡು ನಿಂತ್ಕೊಳ್ಳೋಕೆ ಬಂದಿದ್ರಾ? ಬಾಯಿ ಬಿಟ್ಟು ಹೇಳಬಾರದಿತ್ತಾ?”

“ಬಾಗಿಲಲ್ಲಿ ಪೆನ್ನಿತ್ತಲ್ಲ,” ಎಂದಳು ಜೂನಿಯಾ.

ಜೂನ್ 23

ಪೆನ್ನಿತ್ತಂತೆ! ಪೆನ್ನು ಕಚ್ಚುತ್ತದೆಯೇ? ಹೆಸರು ಬರೆಯಲಾಗದವರ ಆಂಬುಲೆನ್ಸನ್ನು ನಾನೇಕೆ ಹೊತ್ತು ತಿರುಗಬೇಕು?

ಜೂನ್ 30

ಓರಿನ್ ಬೆಳಗಿನ ಮಾತ್ರೆ ನುಂಗುವುದನ್ನು ನೋಡುತ್ತ ಕೂತಿದ್ದವಳು ಎದ್ದು ಟ್ರಕ್ ತೆಗೆದೆ. ಮ್ಯಾಡ್ರೋನ್ ತಿರುವಿನಲ್ಲಿ ನಿಲ್ಲಿಸಿದೆ. ಜೂನಿಯಾಳ ಮನೆಗೆ ಅಲ್ಲಿಂದ ಮಣ್ಣುದಾರಿ. ಗುರುತಿಗೆ ಅಂಚೆ ಪೆಟ್ಟಿಗೆ ಇಲ್ಲ, ಹಲಗೆ ಇಲ್ಲ, ಏನೂ ಇಲ್ಲ. ಬಸ್ಸು ಓಡಿಸುವಾಗ ಇಂಥ ತಿರುವುಗಳಲ್ಲೇ ಗುಡ್ಡದ ಮಕ್ಕಳನ್ನು ಇಳಿಸುತ್ತಿದ್ದೆ. ಇಳಿದ ಮಕ್ಕಳು ಬಸ್ಸು ಮರೆಯಾಗುವವರೆಗೆ ಅಲ್ಲೇ ನಿಂತಿರುತ್ತಿದ್ದವು. ಮನೆ ಯಾವ ಕಡೆ ಎಂದು ನನಗೂ ತೋರಿಸಬಾರದೆಂದು ಅವಕ್ಕೆ ಕಲಿಸಿದ್ದರು. ಆಗಸದಲ್ಲಿ ಪೊಲೀಸರ ಹೆಲಿಕಾಪ್ಟರ್ ಸದ್ದಾದರೆ ಬಸ್ಸೆಲ್ಲ ಗಪ್‌ಚಿಪ್. ಗಲಾಟೆ ನಿಂತಿತಲ್ಲ ಎಂದು ಆಗ ಖುಷಿಪಟ್ಟಿದ್ದೆ.

ಜೂನಿಯಾ ನನ್ನನ್ನು ಕಂಡು ಬೆರಗಾದಳು, ಆದರೂ ಕಾಫಿ ಕೊಟ್ಟಳು. ಆಮೇಲೆ ಹಿಂದಕ್ಕೆ ಕರೆದೊಯ್ದಳು. ಪ್ಲಾಸ್ಟಿಕ್ ಹೊದಿಸಿದ ನಾಲ್ಕು ಉದ್ದ ಚಪ್ಪರ. ಮೂರು ಖಾಲಿ. ಹರಿದ ಪ್ಲಾಸ್ಟಿಕ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಗಿಡ ಇದ್ದದ್ದು ಒಂದರಲ್ಲೇ.

“ಪರ್ಮಿಟ್ ನಾಲ್ಕಕ್ಕೂ ಇದೆ,” ಎಂದಳು. “ಪರ್ಮಿಟ್ ಕೊಟ್ಟ ವರ್ಷ ಕೌಂಟಿಯವರು ಏನಂದ್ರು? ಈಗ ಎಷ್ಟು ಕೇಳ್ತೀರೋ ಅಷ್ಟೇ, ಮುಂದೆ ಒಂದು ಅಡೀನೂ ಜಾಸ್ತಿ ಕೊಡಲ್ಲ ಅಂದ್ರು. ನಮಗೆ ಕಾಗದ ಅಂದ್ರೆ ಏನು ಗೊತ್ತಿತ್ತು? ಎಲ್ಲರೂ ಬಾಯಿಗೆ ಬಂದಷ್ಟು ಕೇಳಿದ್ವಿ. ದಕ್ಷಿಣದ ದೊಡ್ಡ ಕಂಪನಿಗಳು ಬಂದ್ವು, ಬೆಲೆ ಪಾತಾಳಕ್ಕೆ ಇಳೀತು. ಈಗ ತೋಟ ಇಷ್ಟೇ. ನಿಮ್ಮ ತೆರಿಗೆ ಮಾತ್ರ ಈ ಖಾಲಿ ನೆಲಕ್ಕೂ ಬರತ್ತೆ.”

ಅವಳು ಗಾಂಜಾ ಅನ್ನಲೇ ಇಲ್ಲ. ತೋಟ, ತೋಟ ಎಂದೇ ಹೇಳುತ್ತಾಳೆ, ತರಕಾರಿ ಬೆಳೆದವಳ ಹಾಗೆ. ಅವರಲ್ಲಿ ಎಲ್ಲರೂ ಹಾಗೆಯೇ ಅನ್ನುವುದಂತೆ.

“ಪರ್ಮಿಟ್‌ಗೆ ಹೆಸರು ಕೊಟ್ಟಿದೀಯಲ್ಲ, ಹಾಳೇಲಿ ಬರೆಯೋಕೇನು ಸಂಕಟ?”

“ಪರ್ಮಿಟ್ ಕಂಪನಿ ಹೆಸರಲ್ಲಿದೆ, ಸಹಿ ಮಾಡಿಸಿದ್ದು ವಕೀಲರು, ಇರೋದು ಆಫೀಸಿನ ಬೀರೂಲಿ. ನಿಮ್ಮ ಹಾಳೇನ ಬೀಮಿಷ್ ಮೈಕಲ್ಲಿ ಓದ್ತಾರೆ, ಪೇಪರಲ್ಲಿ ಬರತ್ತೆ. ಮನೆ ವಿಳಾಸ ಸಮೇತ. ಹೋದ ಕೊಯ್ಲಲ್ಲಿ ವೆಂಡೆಲ್ ಪೈಕ್ ತಾತನ ಮನೆಗೆ ಬಂದೂಕು ಹಿಡ್ಕೊಂಡು ಬಂದ್ರಲ್ಲ ಕಳ್ಳರು, ಅವರಿಗೂ ಓದೋಕೆ ಬರತ್ತೆ.”

ಮನೆಗೆ ಬಂದು, ಸಭೆಗೆಂದು ಬರೆದಿದ್ದ ಉತ್ತರದ ನಾಲ್ಕು ಪುಟಗಳನ್ನೂ ಒಲೆಗೆ ಹಾಕಿದೆ.

ಜುಲೈ 9

ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ: ಅಳತೆ ತೆರಿಗೆ ಬೇಡ, ಮಾರಾಟದ ಮೇಲೆ ಹಾಕೋಣ. ಮಾರಿದರೆ ಕೊಡಲಿ, ಮಾರದಿದ್ದರೆ ಬೇಡ.

ಬೀಮಿಷ್ ಕನ್ನಡಕ ತೆಗೆದ. “ವರ್ನಾ, ಬಸ್ಸನ್ನ ರಿವರ್ಸ್ ತೆಗೆಯೋದೇ ಇಲ್ಲ ಅಂತ ಎಲೆಕ್ಷನ್‌ನಲ್ಲಿ ಹೇಳ್ಕೊಂಡು ತಿರುಗಿದ್ರಲ್ಲ?”

“ಮುಂದೆ ರಸ್ತೆ ಕುಸಿದಿದ್ರೆ ತೆಗೀತೀನಿ ಕಾರ್ಲ್ಟನ್. ಮಕ್ಕಳನ್ನ ಕೂರಿಸಿಕೊಂಡು ಹಳ್ಳಕ್ಕೆ ಇಳಿಸಲ್ಲ.”

ಕರಾವಳಿಯ ಇಬ್ಬರು ಸರಿಯೆಂದರು. ಡೆಲ್ಫೀನಾ ಪೆನ್ಸಿಲ್ ಚೂಪು ಮಾಡಿ, ಒಂದು ಷರತ್ತಿದ್ದರೆ ವಸೂಲಿ ಸಾಧ್ಯ ಎಂದಳು. ಬೆಳೆಯುವವರು ಮಾರಿದ್ದನ್ನೆಲ್ಲ ಬರೆದಿಡಬೇಕು, ಅವಳ ಕಡೆಯವರು ಯಾವಾಗ ಬಂದರೂ ಬಾಗಿಲು ತೆರೆದು ತೋರಿಸಬೇಕು.

“ಹೆಸರೇ ಬರೆಯದ ಜನ ಲೆಕ್ಕ ಬರೀತಾರಾ?” ಎಂದ ಬೀಮಿಷ್. ಮೇ ತಿಂಗಳಲ್ಲಿ ಇದೇ ಮಾತಿಗೆ ನಾನೂ ನಕ್ಕಿದ್ದೆ, ಇವತ್ತು ಅವನು ನಕ್ಕಿದ್ದು ಹಿಡಿಸಲಿಲ್ಲ. “ಆಗಸ್ಟ್ ಆರಕ್ಕೆ ಬರಲಿ. ಹೆಸರು, ವಿಳಾಸ ಬರೆದು, ನಮ್ಮ ಮುಂದೆ ನಿಂತು, ಲೆಕ್ಕ ತೋರಿಸ್ತೀವಿ ಅಂತ ಹೇಳಲಿ. ಒಬ್ಬರಿಬ್ಬರಲ್ಲ, ಮುಂದಿನ ಬೆಂಚು ತುಂಬಬೇಕು. ಆಗ ನಾನು ಕೈ ಎತ್ತುತ್ತೀನಿ. ಇಲ್ಲಾಂದ್ರೆ ಎತ್ತಲ್ಲ, ಠಾಣೆ ಮುಚ್ಚಲಿ.”

ಸರಿ. ಮುಂದಿನ ಬೆಂಚು ತುಂಬಿಸುತ್ತೇನೆ.

ಜುಲೈ 17

ದಿನಕ್ಕೆ ಎರಡು ಮನೆ, ಮೂರು ಮನೆ. ಬಸ್ಸಿನ ಹಳೆಯ ದಾರಿಯಲ್ಲೇ ಹೋಗುತ್ತಿದ್ದೇನೆ. ಎಲ್ಲರೂ ಕಾಫಿ ಕೊಡುತ್ತಾರೆ, ಮಾತು ಕೊಡುವುದಿಲ್ಲ. ಅಳತೆ ತೆರಿಗೆ ನಮ್ಮನ್ನು ಮುಗಿಸುತ್ತದೆ, ನಿಜ, ಆದರೆ ಅದು ನಮ್ಮ ಬಾಗಿಲಿಗೆ ಬರುವುದಿಲ್ಲವಲ್ಲ ಎಂದ ಒಬ್ಬ. ಈ ಮಾತಿಗೆ ತಲೆ ಚಚ್ಚಿಕೊಳ್ಳಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಜನಕ್ಕೆ ಸಾಯುವುದಕ್ಕಿಂತ ಕಾಣಿಸಿಕೊಳ್ಳುವುದೇ ಹೆಚ್ಚು ಹೆದರಿಕೆ.

ಇವತ್ತು ವೆಂಡೆಲ್ ಪೈಕ್ ಮನೆ. ಎಂಬತ್ತರ ಹತ್ತಿರದ ಮುದುಕ, ಗುಡ್ಡಕ್ಕೆ ಮೊದಲು ಬಂದವರಲ್ಲಿ ಒಬ್ಬ. ಅವನು ಹೂಂ ಅಂದರೆ ಗುಡ್ಡವೇ ಹೂಂ ಅನ್ನುತ್ತದೆ ಎನ್ನುತ್ತಾರೆ. ಹಿಂದೆ ಅವರು ಫೋನಿನಲ್ಲಿ ಬೆಳೆಯ ಬಗ್ಗೆ ಮಾತಾಡುವಾಗ ಟೊಮ್ಯಾಟೊ ಅನ್ನುತ್ತಿದ್ದರಂತೆ.

“ಈ ವರ್ಷ ಟೊಮ್ಯಾಟೊ ಹೇಗಿದೆ ವೆಂಡೆಲ್?” ಎಂದೆ.

ಅವನು ನಕ್ಕು ನಕ್ಕು ಕೆಮ್ಮು ಬಂದು ಕುರ್ಚಿ ಹಿಡಿದುಕೊಂಡ. “ಈ ಮಾತು ಕೌಂಟಿಯವರ ಬಾಯಲ್ಲಿ ಕೇಳಿ ಸಾಯ್ತೀನಿ ಅಂತ ಅಂದ್ಕೊಂಡಿರಲಿಲ್ಲ ಕಣಮ್ಮ!”

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವನು ಕೇಳಿದ:

“ನಿನ್ನ ಬಸ್ಸಿಗೆ ಒಬ್ಬ ಪೊಲೀಸ್ ಡೆಪ್ಯುಟಿ ಹತ್ತಿದ್ದು ನೆನಪಿದೆಯಾ? ಹೆಲಿಕಾಪ್ಟರ್ ಕಾಲದಲ್ಲಿ?”

“ಎಷ್ಟೋ ಜನ ಹತ್ತೋರು.”

“ಒಂದು ಪುಟ್ಟ ಹುಡುಗೀನ ಹಿಡ್ಕೊಂಡು ನಿನ್ನ ಮನೆ ಎಲ್ಲಿ, ನಿಮ್ಮಪ್ಪ ಏನು ಮಾಡ್ತಾನೆ ಅಂತ ಕೇಳಿದ. ಅದು ಬಾಯಿ ಬಿಡಲಿಲ್ಲ. ಆಗ ನಿನ್ನ ಕಡೆ ತಿರುಗಿ, ಇದನ್ನ ದಿನಾ ಎಲ್ಲಿ ಇಳಿಸ್ತೀಯ ಅಂದ. ನೀನೇನಂದೆ?”

ನನಗೆ ನೆನಪಿರಲಿಲ್ಲ.

“‘ನಾನು ಬಸ್ ಓಡಿಸ್ತೀನಿ ಸ್ವಾಮಿ, ಮ್ಯಾಪ್ ಮಾರಲ್ಲ. ಕೆಳಗಿಳೀರಿ, ಹೊತ್ತಾಯ್ತು’ ಅಂದೆ. ಗುಡ್ಡದಲ್ಲಿ ಎಲ್ಲರಿಗೂ ಗೊತ್ತು ಅದು.”

ಅಂದಿರಬಹುದು. ಹೊತ್ತು ಮೀರಿದರೆ ನಾನು ಯಾರನ್ನೂ ಬಿಡುತ್ತಿರಲಿಲ್ಲ. ವೆಂಡೆಲ್ ಆಮೇಲೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಣಗಿದ ಸೇಬಿನ ಒಂದು ಚೀಲ ಕೊಟ್ಟು ಕಳಿಸಿದ.

ಜುಲೈ 25

ಒಬ್ಬರೂ ಇಲ್ಲ. ಇಷ್ಟು ಮನೆ ಅಲೆದು ಒಬ್ಬರೂ ಒಪ್ಪಿಲ್ಲ.

ಓರಿನ್ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಕೂತ. ನಾನು ಅವನ ಕೈ ಹಿಡಿದು ನಾಡಿ ನೋಡಿದೆ. “ನನ್ನ ಕೈ ಬಿಡೇ, ಮದುವೆಗೆ ಮೊದಲೂ ಇಷ್ಟು ಹಿಡಿದಿರಲಿಲ್ಲ,” ಎಂದ.

“ತಮಾಷೆ ಬೇಡ. ಜೂನಿಯಾ ಹೋದ್ರೆ ನಿನ್ನನ್ನ ಯಾರು ಎತ್ಕೊಂಡು ಹೋಗ್ತಾರೆ? ಈ ಸಲ ತೋಟಗಳಿಗೆಲ್ಲ ಹೊಗೆ ಬೇರೆ ಹಿಡಿದಿದೆ, ಕಾಡಿನ ಬೆಂಕಿ ಹೊಗೆ. ವೆಂಡೆಲ್‌ದು ಅರ್ಧ ಹೋಯ್ತು, ಪಾಪ.”

“ಏನಂದೆ?”

“ವೆಂಡೆಲ್‌ದು ಅರ್ಧ ಹೋಯ್ತು ಅಂದೆ.”

“ಅದಲ್ಲ, ಅದಕ್ಕೆ ಮೊದಲು. ‘ತೋಟ’ ಅಂದ್ಯಲ್ಲ.” ಅವನು ನಕ್ಕ. ಏಕೆಂದು ಕೇಳಿದರೆ ಹೇಳಲಿಲ್ಲ. ಈ ಮಾತ್ರೆಗಳು ಅವನ ತಲೆಗೂ ಏನೋ ಮಾಡುತ್ತಿವೆ.

ಜುಲೈ 31

ಕೌಂಟಿಯ ವಕೀಲೆಯನ್ನು ಬೇರೆ ಯಾವುದಕ್ಕೋ ನೋಡಲು ಹೋಗಿದ್ದೆ. ಮಾತಿನ ನಡುವೆ ಪೆನ್ನಿನ ಸುದ್ದಿ ಬಂತು. ಆಕೆ ಹುಬ್ಬು ಗಂಟಿಕ್ಕಿದಳು. ಸಭೆಗೆ ಬರುವವರ ಹೆಸರು ಬರೆಸಲೇಬೇಕೆನ್ನಲು ರಾಜ್ಯದ ಕಾನೂನು ಬಿಡುವುದಿಲ್ಲವಂತೆ. ಹೆಸರು ಹೇಳದೆಯೂ ಮಾತಾಡಬಹುದಂತೆ. “ಇನ್ನೂ ಬರೆಸ್ತಿದಾರಾ?” ಎಂದು ಕೇಳಿದಳು.

ಇಷ್ಟು ದಿನ ನನಗೆ ಇದು ಗೊತ್ತಿರಲಿಲ್ಲ. ಮಂಡಳಿಯ ಗುಮಾಸ್ತನಿಗೆ ಹೇಳಿ ಬಂದಿದ್ದೇನೆ, ಆರನೇ ತಾರೀಖು ಬಾಗಿಲಲ್ಲಿ ಮೇಜು ಇರಬಾರದು, ಹಾಳೆ ಇರಬಾರದು, ಆ ಸರಪಳಿ ಅಂತೂ ಇರಲೇಬಾರದು. ಹೆಸರಿಲ್ಲದೆ ಬಂದರೆ ಬೀಮಿಷ್ ಕೈ ಎತ್ತುವುದಿಲ್ಲ, ಠಾಣೆ ಹೋಗುತ್ತದೆ, ಗೊತ್ತು. ಮೂರು ವಾರದಿಂದ ಆ ಹೆಸರುಗಳಿಗಾಗಿಯೇ ಮನೆಮನೆ ಬೇಡಿದವಳು ನಾನು. ಆದರೆ ಹೆದರಿದವರ ಕುತ್ತಿಗೆ ಹಿಡಿದು ಬರೆಸಿ ಠಾಣೆ ಉಳಿಸಿಕೊಂಡರೆ, ಆಮೇಲೆ ಅದೇ ಗಾಡಿಯಲ್ಲಿ ಓರಿನ್‌ನನ್ನು ಮಲಗಿಸಿ ಜೂನಿಯಾಳ ಮುಖ ಹೇಗೆ ನೋಡಲಿ? ಬಂದು ಮಾತಾಡಲಿ. ಬೀಮಿಷ್‌ನನ್ನು ಹೇಗಾದರೂ ನೋಡಿಕೊಳ್ಳುತ್ತೇನೆ. ಹೇಗೆಂದು ಗೊತ್ತಿಲ್ಲ.

ಆಗಸ್ಟ್ 6

ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೇಗ ಹೋಗಿ ಬಾಗಿಲು ನೋಡಿದೆ. ಮೇಜು ಇರಲಿಲ್ಲ, ನೆಲದ ಮೇಲೆ ಅದರ ಕಾಲಿನ ಗುರುತು ಮಾತ್ರ. ಬೀಮಿಷ್ ಬಂದವನೇ ನಿಂತ. “ಹಾಳೆ ಎಲ್ಲಿ?”

“ಕಾನೂನು ಬೇಡ ಅನ್ನತ್ತೆ. ವಕೀಲೆನ ಕೇಳಿ.”

“ಕಾನೂನು ಏನಾದ್ರೂ ಅನ್ನಲಿ. ನನ್ನ ಕೈ ನನ್ನದು.”

ಗುಡ್ಡದವರು ಬಂದರು. ಹೋದ ಸಲಕ್ಕಿಂತ ಹೆಚ್ಚು ಜನ. ಮತ್ತೆ ಗೋಡೆ, ಮತ್ತೆ ಕೈಯಲ್ಲಿ ಟೋಪಿ. ಮುಂದಿನ ಬೆಂಚು ಖಾಲಿ. ಬೀಮಿಷ್ ಆ ಬೆಂಚನ್ನೂ ನನ್ನನ್ನೂ ನೋಡಿದ.

ಆಗ ಜೂನಿಯಾ ಬಂದಳು, ಆಂಬುಲೆನ್ಸಿನ ಹಳದಿ ಜಾಕೆಟ್ ಹಾಕಿಕೊಂಡು. ಹಿಂದೆ ವೆಂಡೆಲ್, ಕೋಲು ಊರಿಕೊಂಡು. ಅವಳು ಬಾಗಿಲಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

“ಪೆನ್ನೆಲ್ಲಿ?” ಎಂದಳು.

ನಾನೇ ಹೇಳಿದೆ, “ಪೆನ್ನು ಬೇಕಿಲ್ಲ ಜೂನಿಯಾ. ಹೆಸರು ಬರೆಯಲೇಬೇಕು ಅಂತಿಲ್ಲ. ಹಾಗೇ ಬಂದು ಮಾತಾಡು.”

“ಬೇಕು,” ಎಂದಳು. “ರಾತ್ರಿಯೆಲ್ಲ ಯೋಚನೆ ಮಾಡಿ ಬಂದಿದೀನಿ ವರ್ನಾ, ಈಗ ಪೆನ್ನಿಲ್ಲ ಅಂದ್ರೆ ಹೇಗೆ?”

“ಕೌಂಟಿಯ ದರಿದ್ರ ನೋಡಿ,” ಎಂದ ವೆಂಡೆಲ್ ಜೋರಾಗಿ. “ನಲವತ್ತು ವರ್ಷಕ್ಕೊಂದ್ಸಲ ಸಹಿ ಹಾಕೋಣ ಅಂತ ಬಂದ್ರೆ ಪೆನ್ನಿಗೂ ಗತಿ ಇಲ್ಲ!”

ಯಾರೋ ನಕ್ಕರು. ನಾನು ಕೈಚೀಲ ತಡಕಾಡಿ ನನ್ನ ಪೆನ್ನು ತೆಗೆದೆ, ಇದೇ ದಿನಚರಿ ಬರೆಯುತ್ತಿದ್ದ ಪೆನ್ನು. ಕಾರ್ಯಸೂಚಿಯ ಹಾಳೆಯ ಹಿಂಬದಿಯಲ್ಲಿ ಜೂನಿಯಾ ನಿಂತುಕೊಂಡೇ ಬರೆದಳು. ಬೇಕಾದ್ದಕ್ಕಿಂತ ದೊಡ್ಡ ಅಕ್ಷರ. ಪೆನ್ನನ್ನು ವೆಂಡೆಲ್‌ಗೆ ಕೊಟ್ಟು ನೇರ ಮೈಕಿನ ಮುಂದೆ ಹೋದಳು.

“ನನ್ನ ಹೆಸರು ಜೂನಿಯಾ ಟಾಲಿವರ್. ಮ್ಯಾಡ್ರೋನ್ ತಿರುವಿನ ಮೇಲೆ ನನ್ನ ಮನೆ. ನಾನು ಗಾಂಜಾ ಬೆಳೀತೀನಿ.” ಅವಳ ಬಾಯಲ್ಲಿ ಆ ಪದ ನಾನು ಕೇಳಿದ್ದು ಅದೇ ಮೊದಲು. “ಒಂಬತ್ತು ವರ್ಷದವಳಿದ್ದಾಗ ಒಬ್ಬ ಡೆಪ್ಯುಟಿ ಬಸ್ಸಿಗೆ ಹತ್ತಿ, ನಿನ್ನ ಮನೆ ಎಲ್ಲಿ ಅಂತ ಕೇಳಿದ. ನಾನು ಹೇಳಲಿಲ್ಲ. ಬಸ್ಸಿನವರೂ ಹೇಳಲಿಲ್ಲ. ಅವತ್ತು ಹೇಳಿದ್ರೆ ನಮ್ಮಪ್ಪ ಜೈಲಲ್ಲಿರ್ತಿದ್ದ. ಇವತ್ತು ಯಾರೂ ಕೇಳದೇನೇ ಹೇಳ್ತಿದೀನಿ. ಮಾರಿದ್ದು ಬರೆದಿಡ್ತೀನಿ. ಯಾವಾಗ ಬೇಕಾದ್ರೂ ಬನ್ನಿ, ತೋರಿಸ್ತೀನಿ. ಆಂಬುಲೆನ್ಸ್ ಮಾತ್ರ ಮುಚ್ಚಬೇಡಿ.”

ಅವಳು ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಗೋಡೆಯ ಕಡೆ ನನ್ನ ಪೆನ್ನು ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬೊಬ್ಬರಾಗಿ ಬಂದು ಬೆಂಚಿನಲ್ಲಿ ಕೂತರು. ಬೆಂಚು ತುಂಬಿ ಎರಡನೆಯದು ಹಿಡಿಯಿತು. ಕಣ್ಣೊರೆಸಿಕೊಂಡು ನೋಡಿದೆ. ಬಸ್ಸಿನ ಕನ್ನಡಿಯಲ್ಲಿ ದಿನವೂ ನೋಡಿದ ಮುಖಗಳು, ಈಗ ಎಲ್ಲಕ್ಕೂ ನರೆ.

ಬೀಮಿಷ್ ಹಾಳೆಯನ್ನು ಮೈಕಿನಲ್ಲಿ ಓದಲಿಲ್ಲ. ಮಡಿಚಿ ಡೆಲ್ಫೀನಾಳ ಕೈಗೆ ಕೊಟ್ಟ, ಕನ್ನಡಕ ಒರೆಸಿಕೊಂಡ, ಕೈ ಎತ್ತಿದ.

ಪೆನ್ನು ವಾಪಸ್ ಬರಲಿಲ್ಲ. ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ನವೆಂಬರ್ 7

ಗೆದ್ದೆವು, ಕೂದಲೆಳೆಯಲ್ಲಿ. ಓರಿನ್ ಸಂಭ್ರಮಕ್ಕೆ ಜೋಳದ ರೊಟ್ಟಿ ಮಾಡುತ್ತೇನೆಂದು ಹೋಗಿ ಒಲೆಯನ್ನೇ ಕಪ್ಪು ಮಾಡಿದ್ದಾನೆ. ಬೈಯಲಿಲ್ಲ.

ನವೆಂಬರ್ 17

ನಮ್ಮವರ ಕೊಯ್ಲು ಮುಗಿಯಿತು. ಹೊಗೆ ಹಿಡಿದರೂ ತೋಟಗಳು ಅಷ್ಟು ಕೆಟ್ಟಿಲ್ಲ. ಜೂನಿಯಾ ಎರಡು ಬಾಟಲಿ ಟೊಮ್ಯಾಟೊ ಕಳಿಸಿದ್ದಾಳೆ, ನಿಜವಾದ ಟೊಮ್ಯಾಟೊ. ವಸಂತಕ್ಕೆ ಒರೆಗಾನ್‌ಗೆ ಹೋಗುವ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮಧ್ಯಾಹ್ನ ಓರಿನ್‌ನನ್ನು ಕೂರಿಸಿಕೊಂಡು ಹಳೆಯ ಬಸ್ಸಿನ ದಾರಿಯಲ್ಲಿ ಹೋದೆ. ಮ್ಯಾಡ್ರೋನ್ ತಿರುವಿನಲ್ಲಿ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅಲ್ಲಿ ಹೊಸ ಮರದ ಕಂಬ, ಅದರ ಮೇಲೆ ಅಂಚೆ ಪೆಟ್ಟಿಗೆ. ಬಿಳಿ ಬಣ್ಣದಲ್ಲಿ, ಬೇಕಾದ್ದಕ್ಕಿಂತ ದೊಡ್ಡ ಅಕ್ಷರದಲ್ಲಿ, ಟಾಲಿವರ್. ಮುಂದಿನ ತಿರುವಿನಲ್ಲಿ ಇನ್ನೊಂದು, ಪೈಕ್. ಅದರ ಮುಂದಿನದರಲ್ಲಿ ಇನ್ನೂ ಒಂದು, ಬಣ್ಣ ಹಸಿ.

ಓರಿನ್ ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಬಂದ. ಮನೆ ತಲುಪಿದಾಗ ನಮ್ಮದನ್ನು ನೋಡಿದೆ. ಹೆಸರು ಮಾಸಿಹೋಗಿದೆ, ಯಾವಾಗಲೋ ಏನೋ. ನಾಳೆ ಬಣ್ಣ ತಂದು ಮತ್ತೆ ಬರೆಯಬೇಕು.